ರಸ್ಕ್ ತಿಂದ ದಿನ, ತಿನ್ನದ ದಿನ

ತೊಕ್ಕೊಟ್ಟು
11 ಜುಲೈ 2024

ಅಮ್ಮಣಿ ಟೀಚರಿಗೆ,

ಈ ಕಾಗದ ಯಾರದೆಂದು ಅಕ್ಷರ ನೋಡಿಯೇ ನಿಮಗೆ ಗೊತ್ತಾಗಿರಬಹುದು. ನಿಮ್ಮ ಅಂಗನವಾಡಿಯ ತಾಯಂದಿರ ಸಮಿತಿಯ ಪುಸ್ತಕವನ್ನು ಐದು ವರ್ಷ ಬರೆದವಳು ನಾನೇ. ಹರಿದು ಹಾಕುವ ಮನಸ್ಸಾದರೆ ಓದಿ ಆದ ಮೇಲೆ ಹರಿಯಿರಿ. ವಿಳಾಸ ಕೊಟ್ಟವನು ನಿಮ್ಮ ಮಗ ರೂಪೇಶ್. ಹೋದ ವಾರ ನಮ್ಮ ಬೇಕರಿಗೆ ಬ್ರೆಡ್ ಕೊಳ್ಳಲು ಬಂದಿದ್ದ. ನಾನು ಹೆಸರು ಹೇಳಿದ ಮೇಲೆ, "ಅಮ್ಮ ರಿಟೈರ್ ಆಗಿ ಈಗ ಶಕ್ತಿನಗರದಲ್ಲಿ ನಮ್ಮ ಒಟ್ಟಿಗೆ ಇದ್ದಾರೆ" ಎಂದ.

ಅಂದು ಹದಿನಾಲ್ಕು ತಾಯಂದಿರ ಎದುರು ನೀವು ನನಗೆ ಹೇಳಿದ ಮಾತನ್ನು ನಾನು ಮರೆತಿಲ್ಲ. ಅದು ಈಗ ಬೇಡ. ಹತ್ತು ವರ್ಷದ ನಂತರ ಬರೆಯುತ್ತಿರುವುದು ಮಗುವಿಗಾಗಿ. ನನ್ನ ಮಗ ಇಜಾಝನ ಎರಡನೆಯ ಮಗಳು ಝಹ್ರಾ. ಮೇ ತಿಂಗಳಲ್ಲಿ ಮೂರು ವರ್ಷ ತುಂಬಿತು. ತೂಕ ಹತ್ತು ಕಿಲೋ ಇನ್ನೂರು ಗ್ರಾಂ. ಕೈಕಾಲು ಕಡ್ಡಿಯಂತೆ, ಹೊಟ್ಟೆ ಮಾತ್ರ ಉಬ್ಬಿ ಮುಂದೆ ಬಂದಿದೆ. ದಿನಕ್ಕೆ ನಾಲ್ಕೈದು ಸಲ ಹೊರಗೆ ಹೋಗುತ್ತಾಳೆ. ಬಣ್ಣ ತಿಳಿ, ವಾಸನೆ ತಡೆಯಲಾಗದು, ನೀರು ಸುರಿದರೂ ತೇಲುತ್ತಿರುತ್ತದೆ. ಹುಳದ ಮದ್ದು ಮೂರು ಸಲ ಆಯಿತು. ಟಾನಿಕ್ ಆಯಿತು. ನೂಲು ಮಂತ್ರಿಸಿ ಕಟ್ಟಿದ್ದೂ ಆಯಿತು. ಸೊಸೆ ಹಫ್ಸಾ ದಿನಾ ಅಳುತ್ತಾಳೆ. ಇಜಾಝ್ ಸೌದಿಯ ದಮಾಮಿನಲ್ಲಿ ಕೂತು ವಿಡಿಯೋದಲ್ಲಿ ಮಗುವಿನ ಮುಖ ಮಾತ್ರ ನೋಡುತ್ತಾನೆ, ಕೆನ್ನೆ ಉಂಟಲ್ಲ ಎನ್ನುತ್ತಾನೆ.

ಅವಳು ತಿನ್ನುವುದಿಲ್ಲ ಎಂದಲ್ಲ ಟೀಚರ್. ತಿನ್ನುತ್ತಾಳೆ. ತಿಂದದ್ದು ಎಲ್ಲಿ ಹೋಗುತ್ತದೆ ಎಂಬುದು ನನಗೆ ಅರ್ಥವಾಗುತ್ತಿಲ್ಲ. ಮಕ್ಕಳ ಹೊಟ್ಟೆಯ ವಿಷಯದಲ್ಲಿ ನಿಮ್ಮಷ್ಟು ನೋಡಿದವರು ನನಗೆ ಬೇರೆ ಯಾರೂ ಗೊತ್ತಿಲ್ಲ. ನನ್ನ ನಂಬರ್ ಹಿಂದೆ ಬರೆದಿದ್ದೇನೆ.

ನಾಝಿಮಾ
(ಬೇಕರಿ ಮೊಯ್ದೀನಬ್ಬರ ಮನೆ)


ಶಕ್ತಿನಗರ
17 ಜುಲೈ 2024

ನಾಝಿಮಾ ಅವರಿಗೆ,

ನಂಬರ್ ಪ್ರಯೋಜನವಿಲ್ಲ. ಎರಡು ವರ್ಷದಿಂದ ನನ್ನ ಎರಡು ಕಿವಿಯೂ ಕೇಳುವುದಿಲ್ಲ. ಮಷಿನ್ ಇಟ್ಟರೆ ಎದುರು ಕೂತವರ ಮಾತು ಅರ್ಧ ಗೊತ್ತಾಗುತ್ತದೆ, ಫೋನಿನಲ್ಲಿ ಬರೀ ಗಾಳಿ. ಕಾಗದವೇ ಒಳ್ಳೆಯದು.

ನಾನು ಡಾಕ್ಟರಲ್ಲ. ಆದರೆ ಒಂದು ಕೆಲಸ ಮಾಡಬಹುದು. ಹತ್ತು ದಿನ ಮಗುವಿನ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಊಟ ಮಾತ್ರವಲ್ಲ, ನಡುವೆ ಯಾರಾದರೂ ಕೈಗೆ ಕೊಟ್ಟದ್ದೂ ಬೇಕು. ಎಷ್ಟು ಗಂಟೆಗೆ, ಎಷ್ಟು. ಅದರ ಎದುರಿಗೆ ಎಷ್ಟು ಸಲ ಹೊರಗೆ ಹೋದಳು, ಹೇಗಿತ್ತು, ನಿದ್ದೆ ಹೇಗೆ, ಅಳು ಹೇಗೆ. 'ಮಾಮೂಲು ಊಟ' ಎಂದು ಬರೆಯಬೇಡಿ. ಮೂವತ್ತೊಂದು ವರ್ಷದಲ್ಲಿ ಮಾಮೂಲು ಎಂಬ ಊಟವನ್ನು ನಾನು ಒಂದು ಮನೆಯಲ್ಲೂ ನೋಡಲಿಲ್ಲ.

ದೊಡ್ಡವಳು ನಜ್ಲಾ ಚೆನ್ನಾಗಿದ್ದಾಳೆಂದು ತಿಳಿಯುತ್ತೇನೆ.

ಅಮ್ಮಣಿ


ತೊಕ್ಕೊಟ್ಟು
30 ಜುಲೈ 2024

ಅಮ್ಮಣಿ ಟೀಚರಿಗೆ,

ಹತ್ತು ದಿನದ್ದು ಬರೆದಿದ್ದೇನೆ. ಬೇರೆ ಹಾಳೆಯಲ್ಲಿ ಉಂಟು, ಒಟ್ಟಿಗೆ ಪಿನ್ ಮಾಡಿದ್ದೇನೆ. ಬರೆಯಲು ಕೂತ ಮೇಲೆ ನನಗೇ ಆಶ್ಚರ್ಯವಾಯಿತು. ಈ ಮಗು ಹೆಚ್ಚು ತಿನ್ನುವುದಿಲ್ಲ ಎಂದು ನಾವು ಹೇಳುತ್ತಿದ್ದೆವು. ಸೋಮವಾರದ್ದು ನೋಡಿ: ಬೆಳಿಗ್ಗೆ ಹಾಲಿಗೆ ಅದ್ದಿ ರಸ್ಕ್ ಎರಡು. ಹತ್ತು ಗಂಟೆಗೆ ಬನ್ನಿನ ತುಂಡು. ಮಧ್ಯಾಹ್ನ ಅನ್ನ, ಮೀನಿನ ಸಾರು, ನಾಲ್ಕು ತುತ್ತು. ಸಂಜೆ ಅಜ್ಜ ಅಂಗಡಿಯಿಂದ ತಂದ ಬೆಣ್ಣೆ ಬಿಸ್ಕತ್ತು ಮೂರು, ಪುನಃ ಹಾಲು. ರಾತ್ರಿ ಅರ್ಧ ಚಪಾತಿ ಸಕ್ಕರೆ ಹಾಕಿ. ಹೊರಗೆ ಐದು ಸಲ.

ಮಂಗಳವಾರವೂ ಹೆಚ್ಚುಕಡಿಮೆ ಅದೇ. ಬುಧವಾರ ಅಜ್ಜನ ಒಟ್ಟಿಗೆ ಬೇಕರಿಗೆ ಹೋಗಿದ್ದಳು, ಅಲ್ಲಿ ಏನೆಲ್ಲ ತಿಂದಳೆಂದು ಕೇಳಿದರೆ ಇವರಿಗೆ ಲೆಕ್ಕ ಸಿಗಲಿಲ್ಲ. "ಮಕ್ಕಳು ಕೈ ಹಾಕಿದ್ದನ್ನು ಬರೀಲಿಕ್ಕೆ ನಾನೆಂತ ಪೊಲೀಸಾ?" ಎಂದರು.

ನಜ್ಲಾ ಚೆನ್ನಾಗಿದ್ದಾಳೆ. ಏಳನೇ ಕ್ಲಾಸು. ಸ್ವಲ್ಪ ಗಿಡ್ಡ, ನನ್ನ ಹಾಗೆ.

ನಾಝಿಮಾ


ಶಕ್ತಿನಗರ
5 ಆಗಸ್ಟ್ 2024

ನಾಝಿಮಾ ಅವರಿಗೆ,

ಇಷ್ಟು ಚೆನ್ನಾಗಿ ಬರೆದ ಹಾಳೆ ನಾನು ಕೆಲಸದಲ್ಲಿದ್ದಾಗಲೂ ನೋಡಿರಲಿಲ್ಲ.

ಹಾಲು ದಿನಕ್ಕೆ ಎರಡು ಸಲ ಹೋಗುತ್ತಿದೆ. ಕೆಲವು ಮಕ್ಕಳ ಹೊಟ್ಟೆಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಅದು ಕರುಳಿನಲ್ಲಿ ಹುಳಿಯಾಗಿ, ಗಾಳಿಯಾಗಿ, ಹೊಟ್ಟೆ ಉಬ್ಬಿಸಿ ಹೊರಗೆ ಬರುತ್ತದೆ. ಹತ್ತು ದಿನ ಹಾಲು ನಿಲ್ಲಿಸಿ ನೋಡಿ. ಬೇರೆ ಯಾವುದನ್ನೂ ಬದಲಿಸಬೇಡಿ. ಒಂದೇ ಸಲ ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಬರೆಯುವುದನ್ನು ಬಿಡಬೇಡಿ.

ಹಾಲೇ ಎಂದು ನನಗೆ ಪೂರ್ತಿ ಧೈರ್ಯವಿಲ್ಲ. ಹಾಲಿನ ತೊಂದರೆಗೆ ಕೈಕಾಲು ಇಷ್ಟು ಸಣಕಲಾಗುವುದನ್ನು ನಾನು ಕಂಡಿಲ್ಲ.

ಅಮ್ಮಣಿ


ತೊಕ್ಕೊಟ್ಟು
1 ಸೆಪ್ಟೆಂಬರ್ 2024

ಅಮ್ಮಣಿ ಟೀಚರಿಗೆ,

ಹಾಲು ನಿಲ್ಲಿಸಿದೆವು. ಹೊಟ್ಟೆಯ ಉಬ್ಬರ ಸ್ವಲ್ಪ ಇಳಿಯಿತು. ಐದು ಸಲ ಹೋಗುತ್ತಿದ್ದವಳು ನಾಲ್ಕು ಸಲಕ್ಕೆ ಬಂದಳು, ಅಷ್ಟೇ. ಆದರೆ ನಡುವೆ ಒಂದು ವಿಚಿತ್ರ ನಡೆಯಿತು. ಅದನ್ನೇ ಬರೆಯಬೇಕಾದದ್ದು.

ಹಫ್ಸಾಳ ತಾಯಿಗೆ ಕಣ್ಣಿನ ಆಪರೇಷನ್ ಆಯಿತು. ಅವಳು ಝಹ್ರಾಳನ್ನು ಕರೆದುಕೊಂಡು ಹನ್ನೆರಡು ದಿನ ವಿಟ್ಲದ ತವರಿನಲ್ಲಿ ನಿಂತಳು. ಅಲ್ಲಿಂದ ಬಂದ ಮಗುವನ್ನು ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಗೇಟಿನಿಂದ ಮೆಟ್ಟಿಲವರೆಗೆ ಓಡಿ ಬಂದಳು. ಅವಳು ಓಡುವುದನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿ ದಿನಕ್ಕೆ ಎರಡೇ ಸಲ ಹೊರಗೆ ಹೋಗುತ್ತಿದ್ದಳಂತೆ, ಅದೂ ಗಟ್ಟಿ. ಅದಕ್ಕಿಂತ ಹೆಚ್ಚಿನದೆಂದರೆ, ಮನೆಯ ದನದ ಹಾಲು ಬೇಡವೆಂದರೂ ಅಜ್ಜಿ ಕೊಟ್ಟಿದ್ದಾರೆ, ಏನೂ ಆಗಲಿಲ್ಲ.

ಇಲ್ಲಿಗೆ ಬಂದು ನಾಲ್ಕು ದಿನಕ್ಕೆ ಪುನಃ ಮೊದಲಿನ ಹಾಗೆ.

ನನಗೆ ಹೊಳೆದದ್ದು ನೀರು. ವಿಟ್ಲದಲ್ಲಿ ಬಾವಿ ನೀರು, ಇಲ್ಲಿ ಪೈಪಿನದ್ದು. ಎರಡು ದೊಡ್ಡ ಕ್ಯಾನಿನಲ್ಲಿ ಆ ಬಾವಿಯ ನೀರನ್ನು ತರಿಸಿದೆ. ಐದು ದಿನ ಅದನ್ನೇ ಕುಡಿಸಿದೆ, ಅದರಲ್ಲೇ ಅನ್ನ ಮಾಡಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಇವರು ನಕ್ಕರು. ನಗಲಿ. ನೀರಲ್ಲ ಎಂದು ಗೊತ್ತಾಯಿತಲ್ಲ.

ನಿಮಗೆ ಏನಾದರೂ ಹೊಳೆಯುತ್ತದೆಯೇ? ಹಫ್ಸಾ ಅಲ್ಲಿ ಬರೆದ ಹಾಳೆಯನ್ನೂ ಇಟ್ಟಿದ್ದೇನೆ. ಅವಳ ಅಕ್ಷರ ಕೋಳಿ ಕೆದಕಿದ ಹಾಗೆ, ಕ್ಷಮಿಸಿ.

ನಾಝಿಮಾ


ಶಕ್ತಿನಗರ
9 ಸೆಪ್ಟೆಂಬರ್ 2024

ನಾಝಿಮಾ,

ನೀರನ್ನು ತರಿಸಿ ಪರೀಕ್ಷೆ ಮಾಡಿದ್ದು ನನಗೆ ಬಹಳ ಇಷ್ಟವಾಯಿತು. ನನಗೆ ಅದು ಹೊಳೆಯುತ್ತಿರಲಿಲ್ಲ.

ನಿನ್ನ ಹಾಳೆಗಳನ್ನೂ ಹಫ್ಸಾಳ ಹಾಳೆಗಳನ್ನೂ ಚಾವಡಿಯ ನೆಲದಲ್ಲಿ ಪಕ್ಕಪಕ್ಕ ಹರಡಿದೆ. ಎರಡೂ ಕಡೆ ಇರುವುದನ್ನೆಲ್ಲ ಪೆನ್ಸಿಲಿನಲ್ಲಿ ಹೊಡೆದು ಹಾಕಿದೆ. ಅನ್ನ, ಮೀನು, ತೆಂಗಿನಕಾಯಿ, ಮೊಟ್ಟೆ, ಬಾಳೆಹಣ್ಣು ಎಲ್ಲ ಹೋಯಿತು. ವಿಟ್ಲದವರು ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ರಾತ್ರಿ ಅಕ್ಕಿಯ ಪತ್ತಿರ್ ರೊಟ್ಟಿ ತಿನ್ನುವವರು. ಅಂಗಡಿಯ ತಿಂಡಿ ಅಲ್ಲಿಲ್ಲ. ನಿನ್ನ ಹಾಳೆಯಲ್ಲಿ ಹೊಡೆಯದೆ ಉಳಿದದ್ದು ಇಷ್ಟು: ರಸ್ಕ್, ಬನ್, ಬಿಸ್ಕತ್ತು, ಚಪಾತಿ. ನಾಲ್ಕೂ ಒಂದೇ ಧಾನ್ಯ.

ಮರುದಿನ ಕಿವಿಯ ತಪಾಸಣೆಗೆ ಆಸ್ಪತ್ರೆಗೆ ಹೋಗುವುದಿತ್ತು. ಅಲ್ಲೇ ಮಕ್ಕಳ ವಿಭಾಗದಲ್ಲಿ ಡಾಕ್ಟರ್ ನಿರೀಕ್ಷಾ ಎಂಬವರು ಇದ್ದಾರೆ, ಸಣ್ಣ ಪ್ರಾಯ. ಸಾಲಿನಲ್ಲಿ ಕೂತು ಈ ಹಾಳೆಗಳನ್ನು ತೋರಿಸಿದೆ. ಅವರು ಪೂರ್ತಿ ಓದಿದರು. ನನಗೆ ಕೇಳುವುದಿಲ್ಲವೆಂದು ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ಹಾಗೆಯೇ ಇಳಿಸುತ್ತೇನೆ: "ಗೋಧಿಯಲ್ಲಿರುವ ಒಂದು ಅಂಟು ಕೆಲವರ ಸಣ್ಣ ಕರುಳನ್ನು ಕೆಡಿಸುತ್ತದೆ. ಅದೇ ಎಂದು ಈಗಲೇ ಹೇಳಲಾಗದು. ರಕ್ತಪರೀಕ್ಷೆ ಬೇಕು. ಪರೀಕ್ಷೆ ಮುಗಿಯುವವರೆಗೆ ಗೋಧಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಪರೀಕ್ಷೆಯಲ್ಲಿ ಕಾಯಿಲೆ ಅಡಗಿಕೊಳ್ಳುತ್ತದೆ."

ಇದು ಕಷ್ಟದ ಮಾತು, ನನಗೆ ಗೊತ್ತು. ಆದರೂ ಹಾಗೆಯೇ ಮಾಡಬೇಕು. ಬೇಗ ಕರೆದುಕೊಂಡು ಹೋಗು.

ನಾನು ಇನ್ನೊಂದು ವಿಷಯ ಬರೆಯಬೇಕಾಗಿತ್ತು. ಇವತ್ತು ಬೇಡ. ಮೊದಲು ಮಗುವಿನ ಕೆಲಸ ಆಗಲಿ.

ಅಮ್ಮಣಿ


ತೊಕ್ಕೊಟ್ಟು
12 ಅಕ್ಟೋಬರ್ 2024

ಅಮ್ಮಣಿ ಅಕ್ಕ,

ಅದೇ ಎಂದು ಗೊತ್ತಾಯಿತು. ಮೊದಲು ರಕ್ತದಲ್ಲಿ ಬಂತು. ಆಮೇಲೆ ಮಗುವಿಗೆ ಮತ್ತು ಬರುವ ಮದ್ದು ಕೊಟ್ಟು, ಬಾಯಿಯಿಂದ ನಳಿಗೆ ಇಳಿಸಿ, ಕರುಳಿನ ಚೂರು ತೆಗೆದು ನೋಡಿದರು. ಅದರಲ್ಲೂ ಬಂತು.

ಪರೀಕ್ಷೆಯವರೆಗಿನ ಆ ಮೂರು ವಾರವನ್ನು ನಾನು ಹೇಗೆ ಹೇಳಲಿ? ದಿನಾ ಬೆಳಿಗ್ಗೆ ರಸ್ಕ್ ಅದ್ದಿ ಮಗುವಿನ ಬಾಯಿಗೆ ಇಡುವುದು, ಹತ್ತು ಗಂಟೆಗೆ ಹೊಟ್ಟೆ ಹಿಡಿದುಕೊಂಡು ಮುದುಡುವುದನ್ನು ನೋಡುವುದು. ಹಫ್ಸಾ, "ನನ್ನಿಂದಾಗುವುದಿಲ್ಲ ಮಾಮಿ, ನೀವೇ ಕೊಡಿ" ಎಂದಳು. ನಾನೇ ಕೊಟ್ಟೆ.

ಡಾಕ್ಟರ್ ನಿರೀಕ್ಷಾ ಒಂದು ಚಿತ್ರ ತೋರಿಸಿದರು. ಸಣ್ಣ ಕರುಳಿನ ಒಳಗೆ ಬೆರಳಿನಂಥ ಸಾವಿರಾರು ಕುಡಿಗಳಿರುತ್ತವಂತೆ. ತಿಂದದ್ದರ ಸಾರವನ್ನೆಲ್ಲ ಹೀರುವುದು ಅವು. ನಾನು ಹೇಳಿದೆ, "ಡಾಕ್ಟ್ರೇ, ಇದು ಕುರಿಯ ಬೋಟಿ ತೊಳೆಯುವಾಗ ಕಾಣುವ ಹಾಗೆಯೇ ಉಂಟಲ್ಲ." ಅವರಿಗೆ ನಗು ಬಂತು. ಹೆಚ್ಚುಕಡಿಮೆ ಹಾಗೆಯೇ, ಅದಕ್ಕಿಂತ ಬಹಳ ಸಣ್ಣದು ಎಂದರು. ಆಮೇಲೆ ಝಹ್ರಾಳ ಕರುಳಿನ ಚಿತ್ರ ತೋರಿಸಿದರು. ಕುಡಿಗಳೇ ಇಲ್ಲ, ತಿಕ್ಕಿ ತಿಕ್ಕಿ ಸವೆದ ಹಾಗೆ ಚಪ್ಪಟೆ. ತಿಂದದ್ದು ಎಲ್ಲಿ ಹೋಗುತ್ತದೆ ಎಂದು ನಾನು ನಿಮ್ಮನ್ನು ಕೇಳಿದ್ದೆನಲ್ಲ, ಎಲ್ಲಿಗೂ ಹೋಗುವುದಿಲ್ಲ. ಹೀರುವವರಿಲ್ಲದೆ ಹಾಗೆಯೇ ಜಾರಿ ಹೊರಗೆ ಬೀಳುತ್ತದೆ. ಗೋಧಿ ಪೂರ್ತಿ ಬಿಟ್ಟರೆ ಕುಡಿಗಳು ಪುನಃ ಚಿಗುರುತ್ತವಂತೆ. ಬಿಡಬೇಕಾದದ್ದು ಜೀವಮಾನವಿಡೀ.

ಇವರೂ ಆಸ್ಪತ್ರೆಗೆ ಬಂದಿದ್ದರು. ಮೊದಲು ನಿಮ್ಮ ಚೀಟಿಯ ವಿಷಯ ಹೇಳಿದಾಗ ನನ್ನ ಮೇಲೆ ಕೂಗಾಡಿದ್ದರು. "ಅರ್ಧ ತೊಕ್ಕೊಟ್ಟು ನಮ್ಮ ರಸ್ಕ್ ತಿಂದು ದೊಡ್ಡದಾಗಿದೆ, ನನ್ನ ಪುಳ್ಳಿ ಮಗುವಿಗೆ ಮಾತ್ರ ವಿಷವಾ?" ಎಂದು. ಆಸ್ಪತ್ರೆಯಿಂದ ಬಂದವರು ಸೀದಾ ಅಡುಗೆಮನೆಗೆ ಹೋಗಿ ಒಂದು ಹಿಡಿ ಮೈದಾ ಕಲಸಿದರು. ಉಂಡೆ ಮಾಡಿ ನಳ್ಳಿಯ ಕೆಳಗೆ ಹಿಡಿದು ಹಿಸುಕುತ್ತ ನಿಂತರು. ಹಾಲಿನಂಥ ಬಿಳಿ ನೀರು ಇಳಿದು ಇಳಿದು, ಕೊನೆಗೆ ಅಂಗೈಯಲ್ಲಿ ರಬ್ಬರಿನಂಥ ಒಂದು ಮುದ್ದೆ ಉಳಿಯಿತು. ಎಳೆದರೆ ಉದ್ದಕ್ಕೆ ಬರುತ್ತದೆ. ಅದನ್ನು ಹಫ್ಸಾಳಿಗೆ ತೋರಿಸಿ, "ಇದೇ ಅದು. ನಲ್ವತ್ತು ವರ್ಷದಿಂದ ನಾನು ಮೈದಾ ತೆಗೆದುಕೊಳ್ಳುವುದು ಇದನ್ನು ನೋಡಿ. ಇದು ಜಾಸ್ತಿ ಇದ್ದಷ್ಟೂ ಬ್ರೆಡ್ ಚಂದ ಏಳುತ್ತದೆ" ಎಂದರು. ಮುದ್ದೆಯನ್ನು ಬಿಸಾಡಲಿಲ್ಲ. ತುಂಬ ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು.

ಇನ್ನೊಂದು ಮಾತು. ಇದು ರಕ್ತ ಸಂಬಂಧಿಕರಲ್ಲಿ ಬರುವುದುಂಟಂತೆ. ಮನೆಯಲ್ಲಿ ಬೇರೆ ಮಕ್ಕಳಿದ್ದಾರೆಯೇ ಎಂದು ಡಾಕ್ಟರ್ ಕೇಳಿದರು. ನಜ್ಲಾಳನ್ನು ಕರೆದುಕೊಂಡು ಹೋದೆವು. ಹನ್ನೆರಡು ವರ್ಷಕ್ಕೆ ನೂರ ಇಪ್ಪತ್ತೊಂಬತ್ತು ಸೆಂಟಿಮೀಟರ್. ರಕ್ತದ ಹಿಮೋಗ್ಲೋಬಿನ್ ಏಳೂ ಮುಕ್ಕಾಲು. ಅವಳಿಗೆ ಭೇದಿಯ ತೊಂದರೆ ಈಗ ಇಲ್ಲ, ಹಾಗಾಗಿ ನಾವು ಯಾರೂ ಯೋಚಿಸಲಿಲ್ಲ. ಸಣ್ಣವಳಿದ್ದಾಗ ಹೇಗಿದ್ದಳು, ತೂಕ ಎಷ್ಟಿತ್ತು ಎಂದು ಡಾಕ್ಟರ್ ಕೇಳಿದಾಗ ನನಗೂ ಹಫ್ಸಾಳಿಗೂ ನೆನಪಿಗೆ ಬರಲಿಲ್ಲ. ನಿಮಗೆ ನೆನಪಿರಬಹುದು.

ನಾಝಿಮಾ


ಶಕ್ತಿನಗರ
19 ಅಕ್ಟೋಬರ್ 2024

ನಾಝಿಮಾ,

ನೆನಪೇ ಬೇಡ, ಬರೆದಿಟ್ಟದ್ದುಂಟು. ರಿಜಿಸ್ಟರ್ ಆಫೀಸಿಗೆ ಹೋಯಿತು, ಆದರೆ ನನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಒಂದು ನಕಲು ಇಡುತ್ತಿದ್ದೆ. ನಿನ್ನ ಮೊದಲ ಕಾಗದ ಬಂದ ದಿನವೇ ತೆಗೆದು ನೋಡಿದ್ದೆ. ಆಗ ಅರ್ಥವಾಗಲಿಲ್ಲ. ಹಾಳೆಗಳನ್ನು ನೆಲದಲ್ಲಿ ಹರಡಿದ ದಿನ ಅರ್ಥವಾಯಿತು.

2014ನೇ ಇಸವಿ, ನಜ್ಲಾಳಿಗೆ ಇಪ್ಪತ್ತೆರಡು ತಿಂಗಳು. ಜೂನಿನಲ್ಲಿ ಎಂಟು ಕಿಲೋ ಮುನ್ನೂರು. ಜುಲೈಯಲ್ಲಿ ಎಂಟು ಕಿಲೋ ನೂರು. ಆಗಸ್ಟಿನಲ್ಲಿ ಏಳು ಕಿಲೋ ಒಂಬೈನೂರು, ತೂಕದ ಚಾರ್ಟಿನ ಕೆಂಪು ಗೆರೆಯ ಕೆಳಗೆ. ಇದನ್ನು ಡಾಕ್ಟರಿಗೆ ಕೊಡು. ಜೂನಿನ ತೂಕದ ಪಕ್ಕದಲ್ಲಿ, ಅಂಗನವಾಡಿಯಿಂದ ಮನೆಗೆ ಕೊಡುತ್ತಿದ್ದ ಪೌಷ್ಟಿಕ ಪುಡಿಯ ಬಗ್ಗೆ ನನ್ನದೇ ಅಕ್ಷರ: "ಗೋಧಿ ಪುಡಿ ಎರಡು ಪಾಲು ಕೊಡಲು ಹೇಳಿದೆ."

ಜುಲೈಯ ತೂಕದ ದಿನ ನೀನು ಹೇಳಿದೆ, "ಟೀಚರೇ, ಈ ಪುಡಿ ಕಾಯಿಸಿ ಕೊಟ್ಟ ದಿನವೇ ಇವಳ ಹೊಟ್ಟೆ ಕೆಡುವುದು. ಇವಳಿಗೆ ಇದು ಆಗುವುದಿಲ್ಲ." ನಾನು ಹೇಳಿದ್ದು, ಶಬ್ದಕ್ಕೆ ಶಬ್ದ ನನಗೆ ನೆನಪುಂಟು, "ಪುಡಿಗೆ ಎಂತ ಆಗ್ಲಿಲ್ಲ ಮಾರಾಯ್ತಿ. ಊರಿನ ಮಕ್ಕಳೆಲ್ಲ ತಿಂದು ಬೆಳೀತಾರೆ. ಅಂಗಡಿ ತುಂಬ ತಿಂಡಿ ಉಂಟು, ಮನೆಯ ಮಗುವಿಗೆ ಹೊತ್ತಿಗೆ ತಿನ್ನಿಸ್ಲಿಕ್ಕೆ ನಿಮಗೆ ಪುರುಸೊತ್ತಿಲ್ಲ." ಎಲ್ಲರೂ ನಕ್ಕರು. ನೀನು ಮಗುವನ್ನು ಎತ್ತಿಕೊಂಡು ಹೋದೆ. ಆಗಸ್ಟಿನ ತೂಕಕ್ಕೆ ಹಫ್ಸಾ ಒಬ್ಬಳೇ ಕರೆತಂದಳು. ಅದೇ ಕೊನೆ.

ಪುಡಿ ಒಳ್ಳೆಯದೇ ಇತ್ತು. ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಅದು ಒಳ್ಳೆಯದೇ. ಆದರೆ ತೂಕ ಇಳಿಯುವುದು ನನ್ನ ಕಣ್ಣೆದುರಿಗೇ ಬರೆದಿತ್ತು, ಎರಡು ಪಾಲು ಕೊಟ್ಟ ಮೇಲೆ ಇನ್ನೂ ಇಳಿದದ್ದೂ ಬರೆದಿತ್ತು. ಯಾಕೆ ಎಂದು ನಾನು ಕೇಳಲಿಲ್ಲ. ನಿನ್ನ ಮೇಲೆ ಹಾಕಿದೆ. ನೀನು ಅಂದು ಕಂಡದ್ದನ್ನೇ ನಾನು ಹತ್ತು ವರ್ಷ ಕಳೆದು ಹಾಳೆ ಹರಡಿ ಕಂಡೆ, ಏನೋ ದೊಡ್ಡ ಪತ್ತೆ ಮಾಡಿದವಳ ಹಾಗೆ.

ತಪ್ಪು ನನ್ನದು. ಕ್ಷಮಿಸು ಎಂದು ಕೇಳಲು ಹಕ್ಕುಂಟೋ ಇಲ್ಲವೋ, ಕೇಳುತ್ತೇನೆ.

ಅಮ್ಮಣಿ


ಶಕ್ತಿನಗರ
16 ನವೆಂಬರ್ 2024

ನಾಝಿಮಾ,

ಕಾಗದವಿಲ್ಲ. ನನಗೆ ಉತ್ತರ ಬರೆಯಬೇಕೆಂದಿಲ್ಲ. ನಜ್ಲಾಳ ರಿಪೋರ್ಟ್ ಏನಾಯಿತೆಂದು ಒಂದು ಸಾಲು ಬರೆದರೆ ಸಾಕು. ರೂಪೇಶನ ಕೈಯಲ್ಲಿ ಹೇಳಿ ಕಳಿಸಿದರೂ ಆಗಬಹುದು.

ಅಮ್ಮಣಿ


ತೊಕ್ಕೊಟ್ಟು
1 ಡಿಸೆಂಬರ್ 2024

ಅಮ್ಮಣಿ ಅಕ್ಕ,

ನಿಮ್ಮ ಕಾಗದ ಓದಿ ನನಗೆ ಸಮಾಧಾನವಾಗಬೇಕಾಗಿತ್ತು. ಹತ್ತು ವರ್ಷದಿಂದ ಅದಕ್ಕೇ ಕಾದಿದ್ದೆ ಎಂದುಕೊಂಡಿದ್ದೆ. ಆದರೆ ಸಿಟ್ಟು ಬಂತು. ಆ ಮೂರು ತೂಕಗಳನ್ನು ಪುನಃ ಪುನಃ ಓದಿದೆ. ಇಷ್ಟು ಸ್ಪಷ್ಟವಾಗಿ ಬರೆದಿಟ್ಟುಕೊಂಡು ಹೇಗೆ ನೋಡಲಿಲ್ಲ ಈ ಟೀಚರ್ ಎಂದು. ಒಂದು ತಿಂಗಳು ನಿಮಗೆ ಬರೆಯುವುದಿಲ್ಲವೆಂದೇ ಇದ್ದೆ.

ಆಮೇಲೆ ಒಂದು ದಿನ ಗೋಧಿ ತಾಗಿದ ಪಾತ್ರೆಗಳನ್ನು ಬೇರೆ ಮಾಡುತ್ತಿದ್ದಾಗ ನನ್ನದೇ ನೆನಪಾಯಿತು. ಅಂದು ಮಗುವನ್ನು ಎತ್ತಿಕೊಂಡು ಮನೆಗೆ ಬಂದವಳು ನಾನು ಏನು ಮಾಡಿದೆ? ಪುಡಿಯ ಪ್ಯಾಕೆಟನ್ನು ಹಿತ್ತಿಲಿಗೆ ಎಸೆದೆ. "ಇವರ ಪುಡಿ ಯಾರಿಗೆ ಬೇಕು, ನಮ್ಮ ಬಿಸ್ಕತ್ತು ಸಾಕು" ಎಂದು ಡಬ್ಬ ತೆಗೆದು ಮಗುವಿನ ಮುಂದೆ ಇಟ್ಟೆ. ಹತ್ತು ವರ್ಷ ಇಟ್ಟೆ. ಪುಡಿಯೂ ಬಿಸ್ಕತ್ತೂ ಒಂದೇ ಎಂದು ನನಗೆ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ನೀವು ಕೊಟ್ಟದ್ದು ಒಂದೆರಡು ತಿಂಗಳು. ನಾನು ಕೊಟ್ಟದ್ದಕ್ಕೆ ಲೆಕ್ಕವಿಲ್ಲ. ಕ್ಷಮೆ ಕೇಳಬೇಕಾದದ್ದು ನಾವಿಬ್ಬರೂ, ಅದೂ ಅವಳ ಹತ್ತಿರ.

ನಜ್ಲಾಳದ್ದೂ ಅದೇ ಕಾಯಿಲೆ. ರಿಪೋರ್ಟ್ ಹಿಡಿದುಕೊಂಡು ಅವಳೂ ನಾನೂ ಆಟೋದಲ್ಲಿ ಬಂದೆವು. ನೇತ್ರಾವತಿ ಸೇತುವೆ ದಾಟಿದ ಮೇಲೆ ಕೇಳಿದಳು, "ಹಾಗಾದ್ರೆ ನಂದು ಉದಾಸೀನ ಅಲ್ಲ, ಅಲ್ವಾ ಅಜ್ಜಿ?" ಶಾಲೆಯಲ್ಲಿ ಆಟದ ಮಾಸ್ತರು, ಮನೆಯಲ್ಲಿ ನಾವು, ಎಲ್ಲರೂ ಅವಳನ್ನು ಉದಾಸೀನದ ಮೂಟೆ, ಸೋಮಾರಿ ಎಂದು ಕರೆಯುತ್ತಿದ್ದೆವು. ಮೆಟ್ಟಿಲು ಹತ್ತಿದರೆ ಕೂತುಕೊಳ್ಳುತ್ತಿದ್ದಳು. ಕಬ್ಬಿಣದ ಮಾತ್ರೆ ಎಷ್ಟು ಕೊಟ್ಟರೂ ರಕ್ತ ಏರುತ್ತಿರಲಿಲ್ಲ, ಗುಟ್ಟಾಗಿ ಬಿಸಾಡುತ್ತಾಳೆಂದು ನಾನು ಬೈದದ್ದೂ ಉಂಟು. ಅವಳು ನುಂಗುತ್ತಿದ್ದಳು ಅಕ್ಕ. ಒಳಗೆ ಹಿಡಿಯುತ್ತಿರಲಿಲ್ಲ. ಡಾಕ್ಟರ್ ಹೇಳಿದರು, ಕೆಲವರಲ್ಲಿ ಹೊಟ್ಟೆ ಸುಮ್ಮನಿರುತ್ತದೆ, ಎತ್ತರವೂ ರಕ್ತವೂ ಮಾತ್ರ ಹೋಗುತ್ತದೆ ಎಂದು.

ಅವಳ ಪ್ರಶ್ನೆಗೆ ನಾನು, "ಅಲ್ಲ ಮಗಾ, ಅಲ್ಲ" ಎಂದೆ. ಆಟೋದವರು ಕನ್ನಡಿಯಲ್ಲಿ ನೋಡಿದರು. ನನ್ನ ಮುಖ ಹಾಗಿತ್ತೋ ಏನೋ.

ಈಗ ಮನೆಯಲ್ಲಿ ಗೋಧಿಯಿಲ್ಲ. ಇವರು ಬೇಕರಿಯಿಂದ ಬಂದವರು ಹಿಂದಿನ ಬಾಗಿಲಿನಿಂದ ಬಂದು, ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಮಕ್ಕಳನ್ನು ಮುಟ್ಟುತ್ತಾರೆ. ಝಹ್ರಾ ಮೊದಲ ವಾರ ರಸ್ಕ್ ಬೇಕೆಂದು ಅತ್ತಳು. ಈಗ ಬೆಳಿಗ್ಗೆ ಗಂಜಿ, ತೆಂಗಿನ ಚಟ್ನಿ, ಮೊಟ್ಟೆ. ಮಧ್ಯಾಹ್ನ ಅನ್ನ, ಬಸಳೆ, ಮೀನು. ನನ್ನ ಅಜ್ಜಿ ತಿನ್ನುತ್ತಿದ್ದದ್ದೆಲ್ಲ ಅಕ್ಕಿಯೇ. ಗೋಧಿ ನಮ್ಮ ಮನೆಗೆ ಬೇಕರಿಯೊಟ್ಟಿಗೆ ಬಂದದ್ದು.

ಆದರೆ ಒಂದು ಒಗಟು ಉಳಿದಿದೆ. ಝಹ್ರಾ ವಾರವಿಡೀ ಚೆನ್ನಾಗಿದ್ದು ಬುಧವಾರ ಮತ್ತು ಶನಿವಾರ ಮಾತ್ರ ಕೆಡುತ್ತಾಳೆ. ಮೂರು ವಾರದಿಂದ ಹೀಗೆಯೇ. ಪುನಃ ಹಾಳೆ ಬರೆದಿದ್ದೇನೆ, ನೋಡಿ.

ನಿಮ್ಮ ನಾಝಿಮಾ


ಶಕ್ತಿನಗರ
7 ಡಿಸೆಂಬರ್ 2024

ನಾಝಿಮಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದು ಬರೆಯುವುದಿಲ್ಲ. ಒಗಟಿಗೆ ಬರುತ್ತೇನೆ.

ಬುಧವಾರ ಕೆಡುತ್ತದೆ ಎಂದರೆ ಮಂಗಳವಾರ ನೋಡಬೇಕು, ಶನಿವಾರಕ್ಕೆ ಶುಕ್ರವಾರ. ಎರಡೂ ದಿನ ನಿಮ್ಮಲ್ಲಿ ಮೀನು ಹುರಿದಿದ್ದೀರಿ. "ಮಗುವಿನ ತುಂಡಿಗೆ ಮಸಾಲೆ ಮಾತ್ರ" ಎಂದು ನೀನೇ ಬರೆದಿದ್ದೀಯಲ್ಲ. ಹಾಗಾದರೆ ದೊಡ್ಡವರ ತುಂಡಿಗೆ ಮಸಾಲೆಯ ಮೇಲೆ ಇನ್ನೇನು ಹಾಕುತ್ತೀರಿ? ರವೆ ತಾನೆ? ರವೆಯೂ ಗೋಧಿಯೇ. ಕಾವಲಿ ಒಂದೇ, ಎಣ್ಣೆ ಒಂದೇ ಆದರೆ ಮಗುವಿನ ತುಂಡಿಗೂ ಹತ್ತುತ್ತದೆ.

ಗೋಧಿ ಇಲ್ಲ ಎಂದು ನೀನು ಬರೆದಾಗ ಸುಳ್ಳು ಹೇಳಿದ್ದಲ್ಲ. ರವೆಯನ್ನು ನಾವು ಯಾರೂ ಗೋಧಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ಡಬ್ಬ ತೆಗೆದು ನೋಡಿಯೇ ಬರೆಯುತ್ತಿದ್ದೇನೆ. ಇಂಗಿನ ಡಬ್ಬದ ಮೇಲೆಯೂ ಬರೆದದ್ದು ಓದು, ಕೆಲವಕ್ಕೆ ಗೋಧಿ ಹಿಟ್ಟು ಸೇರಿಸುತ್ತಾರೆ. ರಾಗಿ ಮಿಲ್ಲಿಗೆ ಕೊಡುತ್ತೀಯಾದರೆ ಗೋಧಿ ಬೀಸಿದ ಮೇಲೆ ಅದೇ ಕಲ್ಲಿಗೆ ಹಾಕುತ್ತಾರೋ ಎಂದು ಕೇಳು.

ನಜ್ಲಾಳ ಕಬ್ಬಿಣದ ಮಾತ್ರೆಯನ್ನು ಲಿಂಬೆ ಶರಬತ್ತಿನೊಟ್ಟಿಗೆ ಕೊಡು, ಹೆಚ್ಚು ಹಿಡಿಯುತ್ತದೆ. ಚಹಾ ಆ ಹೊತ್ತಿಗೆ ಬೇಡ. ಮತ್ತೆ ಅವಳ ಹತ್ತಿರ ಮಾತಾಡಬೇಕಾದ್ದನ್ನು ನಾನು ಕಾಗದದಲ್ಲಿ ಮಾಡುವುದಿಲ್ಲ. ಬರುತ್ತೇನೆ. ಚಳಿ ಕಳೆದ ಮೇಲೆ, ಮೊಣಕಾಲಿನ ಗಂಟು ಒಪ್ಪಿದ ದಿನ.

ಅಮ್ಮಣಿ


ಶಕ್ತಿನಗರ
24 ಫೆಬ್ರವರಿ 2025

ನಾಝಿಮಾ,

ನಿನ್ನೆ ನಿಮ್ಮಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದಿರಿ. ಮಷಿನಿನಲ್ಲಿ ಸಂತೆಯಂತೆ ಕೇಳಿತು. ಅರ್ಧ ಹೊತ್ತಿಗೆ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡೆ, ನೀನು ನೋಡಲಿಲ್ಲ. ಕಣ್ಣಿನಲ್ಲೇ ನೋಡುತ್ತ ಕೂತಿದ್ದೆ. ಝಹ್ರಾ ನನ್ನ ಚೀಲದಿಂದ ಕೊಡೆಯನ್ನು ಎಳೆದು ಅಂಗಳಕ್ಕೆ ಓಡಿದ್ದನ್ನು ನೋಡಿದೆ. ಹನ್ನೆರಡು ಕಿಲೋ ಎಂದು ನೀನು ಬೆರಳಿನಲ್ಲಿ ತೋರಿಸಿದ್ದು ಗೊತ್ತಾಯಿತು. ಮೊಯ್ದೀನಬ್ಬರ ಬಿಸ್ಕತ್ತನ್ನೂ ತಿಂದೆ. ಅಕ್ಕಿಹಿಟ್ಟು, ತೆಂಗಿನಕಾಯಿ, ಮೊಟ್ಟೆ. ರುಚಿಯಾಗಿದೆ, ಕೈಗೆ ತೆಗೆದುಕೊಂಡರೆ ಪುಡಿಯಾಗುತ್ತದೆ. ನಜ್ಲಾ ಅದನ್ನು ಬಟ್ಟಲಿಗೆ ಹಾಕಿ ಚಮಚದಲ್ಲಿ ತಿನ್ನುವಾಗ ಅವರು ಒಲೆಯ ಕಡೆ ಮುಖ ಮಾಡಿ ನಿಂತಿದ್ದರು. ಇಪ್ಪತ್ತಮೂರನೆಯ ಸಲ ಮಾಡಿದ್ದು ಎಂದು ಹಫ್ಸಾ ನನಗೆ ಬರೆದು ತೋರಿಸಿದಳು.

ನೀನು ಸಂಜೆಯ ಅಸರ್ ನಮಾಝಿಗೆ ಒಳಗೆ ಹೋದಾಗ ಆದದ್ದನ್ನು ಹೇಳಲೆಂದೇ ಈ ಕಾಗದ.

ನಜ್ಲಾಳನ್ನು ಅಡುಗೆಮನೆಯಲ್ಲಿ ಹತ್ತಿರ ಕೂರಿಸಿಕೊಂಡು, ಹೇಳಬೇಕೆಂದಿದ್ದದ್ದನ್ನು ಹೇಳಿದೆ. "ನಿನ್ನ ತೂಕ ಇಳಿಯುವುದನ್ನು ನೋಡಿಯೂ ನಾನು ಸರಿಯಾಗಿ ಯೋಚಿಸಲಿಲ್ಲ, ನಿನ್ನ ಅಜ್ಜಿ ಹೇಳಿದ್ದನ್ನು ಕೇಳಲಿಲ್ಲ" ಎಂದೆ. ಅವಳು ಚಮಚ ಕೆಳಗಿಟ್ಟು ಪೂರ್ತಿ ಕೇಳಿದಳು. ಅಳುತ್ತಾಳೋ, ಸಿಟ್ಟಾಗುತ್ತಾಳೋ ಎಂದು ನಾನು ಕಾದೆ. ಅವಳಿಗೆ ಬೇಕಾದದ್ದು ಬೇರೆಯೇ ಇತ್ತು. ನನ್ನ ಸೆರಗಿನ ಗಂಟು ಬಿಚ್ಚಿ ಮಷಿನ್ ತೆಗೆದು ಕಿವಿಗೆ ಅವಳೇ ಇಟ್ಟಳು. ಆಮೇಲೆ ಕೇಳಿದಳು, "ಟೀಚರ್, ನಾನು ಇನ್ನು ಎಷ್ಟು ಉದ್ದ ಆಗ್ಬಹುದು?"

ನಾಲ್ಕು ತಿಂಗಳಲ್ಲಿ ಎರಡೂವರೆ ಸೆಂಟಿಮೀಟರ್ ಬೆಳೆದಿದ್ದಾಳೆ. ರಕ್ತ ಹತ್ತಕ್ಕೆ ಬಂದಿದೆ. ಇನ್ನು ಎಷ್ಟು ವರ್ಷ ಬೆಳೆಯಲು ಉಳಿದಿದೆ, ಕಳೆದುಹೋದದ್ದರಲ್ಲಿ ಎಷ್ಟು ಪುನಃ ಸಿಗುತ್ತದೆ, ಡಾಕ್ಟರಿಗೇ ಖಚಿತವಿಲ್ಲ. ಮೊದಲಾಗಿದ್ದರೆ ನಾನು ಏನಾದರೂ ಹೇಳಿಬಿಡುತ್ತಿದ್ದೆ. ಚೆನ್ನಾಗಿ ತಿಂದರೆ ನಿನ್ನ ಅಮ್ಮನಷ್ಟು ಆಗುತ್ತೀ ಎಂದೋ, ಗಿಡ್ಡ ಇದ್ದರೇನಂತೆ ಎಂದೋ.

"ನನಗೆ ಗೊತ್ತಿಲ್ಲ ಮಗಾ" ಎಂದೆ.

ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಮತ್ತೆ, "ಹಾಗಾದ್ರೆ ನೋಡುವ" ಎಂದು ಎದ್ದು, ಚಪ್ಪಲಿ ಬಿಟ್ಟು, ಅಡುಗೆಮನೆಯ ಬಾಗಿಲಿನ ಚೌಕಟ್ಟಿನ ದಾರಂದಕ್ಕೆ ಬೆನ್ನು ಹಚ್ಚಿ ನೆಟ್ಟಗೆ ನಿಂತಳು. ಕೈಗೆ ಪೆನ್ಸಿಲ್ ಕೊಟ್ಟಳು. ಹಿಮ್ಮಡಿ ಎತ್ತಿದ್ದಾಳೋ ಎಂದು ಬಗ್ಗಿ ನೋಡಿದೆ, ಎತ್ತಿರಲಿಲ್ಲ. ತಲೆಯ ಮೇಲೆ ಅಡ್ಡಕ್ಕೆ ಒಂದು ಪುಸ್ತಕ ಇಟ್ಟು ಗೆರೆ ಎಳೆದೆ. ತಾರೀಕು ಅವಳೇ ಬರೆದಳು. ಪಕ್ಕದಲ್ಲಿ ನನ್ನ ಸಹಿಯನ್ನೂ ಹಾಕಿಸಿದಳು.

ಆ ಬಾಗಿಲಿಗೆ ಈಗ ಬಣ್ಣ ಕೊಡಿಸಬೇಡ. ಮೂರು ತಿಂಗಳಿಗೊಮ್ಮೆ ಬಂದು ಅಳೆಯುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ನಿನ್ನ
ಅಮ್ಮಣಿ ಅಕ್ಕ